ಬೆಳಗಿನ ಟಕಟಕ ಮತ್ತು ನನ್ನ ಗಟ್ಟಿ ಆಯಿಲ್

ಚಿಕ್ಕಬಳ್ಳಾಪುರದಲ್ಲಿ ಡಿಸೆಂಬರ್ ಬಂತೆಂದರೆ ನಮ್ಮ ಗ್ಯಾರೇಜಿಗೆ ಈ ದೂರು ಮಾಮೂಲು: "ಅಣ್ಣಾ, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಇಂಜಿನ್ ಟಕಟಕ ಅನ್ನುತ್ತೆ." ಗಾಡಿ ತರುವುದು ಮಾತ್ರ ಮಧ್ಯಾಹ್ನ. ಅಷ್ಟೊತ್ತಿಗೆ ಇಂಜಿನ್ ಬಿಸಿ, ಸದ್ದೇ ಇರುವುದಿಲ್ಲ.

ಹೋದ ಚಳಿಗಾಲದಲ್ಲಿ ಹೂವಿನ ವ್ಯಾಪಾರಿಯೊಬ್ಬರ ಪೆಟ್ರೋಲ್ ವ್ಯಾನ್ ಬಂತು. ಒಂದು ಲಕ್ಷ ಕಿಲೋಮೀಟರ್ ದಾಟಿತ್ತು. ಸದ್ದು ಕೇಳದೆಯೇ "ಹಳೇ ಇಂಜಿನ್, ಗಟ್ಟಿ ಆಯಿಲ್ ಹಾಕೋಣ ಬಿಡಿ" ಅಂದು 20ಡಬ್ಲ್ಯೂ-50 ಸುರಿದೆ. ಕೆಲಸ ಕಲಿಯುವಾಗ ಮೇಸ್ತ್ರಿ ಹೇಳಿಕೊಟ್ಟ ಮದ್ದು ಅದು. ನಾಲ್ಕನೇ ದಿನ ಫೋನ್: "ಏನಣ್ಣಾ ಮಾಡಿದ್ರಿ? ಮೊದಲು ಎರಡು ಮೂರು ಸೆಕೆಂಡಲ್ಲಿ ನಿಲ್ತಿತ್ತು. ಈಗ ಹತ್ತು ಎಣಿಸಿದ್ರೂ ನಿಲ್ಲಲ್ಲ."

ಆ ರಾತ್ರಿ ಗಾಡಿಯನ್ನು ಶೆಡ್ ಮುಂದೆಯೇ ನಿಲ್ಲಿಸಿಕೊಂಡೆ. ಬೆಳಗಿನ ಜಾವ ನಾಲ್ಕಕ್ಕೆ ಉದ್ದನೆ ಸ್ಕ್ರೂಡ್ರೈವರ್ ತುದಿಯನ್ನು ಇಂಜಿನ್ ಮೇಲಿನ ಟ್ಯಾಪೆಟ್ ಕವರಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು, ಹುಡುಗನಿಗೆ ಕೀ ತಿರುಗಿಸು ಅಂದೆ. ಸದ್ದು ಮೇಲ್ಭಾಗದ ಹೆಡ್‌ನದ್ದೇ. ಪಿಸ್ಟನ್ನಿನದಾಗಿದ್ದರೆ ಕೆಳಗೆ ಬ್ಲಾಕಿನಿಂದ ದಬದಬ ಅಂತ ಬರುತ್ತಿತ್ತು. ಆ ಇಂಜಿನ್ನಿನಲ್ಲಿರುವುದು ಹೈಡ್ರಾಲಿಕ್ ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ, ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಭಾಗ. ಒಳಗೆ ಆಯಿಲ್ ತುಂಬಿದರಷ್ಟೇ ಅದು ಟಕಟಕ ಅನ್ನಿಸುವ ಗ್ಯಾಪ್ ಮುಚ್ಚುತ್ತದೆ. ನಾನು ಹಾಕಿದ ಆಯಿಲ್ ಮೇಲಕ್ಕೆ ಹತ್ತುವುದರಲ್ಲೇ ಹೊತ್ತು ಕಳೆಯುತ್ತಿತ್ತು. (ಸ್ಕ್ರೂ ಇರುವ ಟ್ಯಾಪೆಟ್ ಆಗಿದ್ದರೆ ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಿಡಿದು ಅದನ್ನು ಸರಿ ಮಾಡಬೇಕು. ಅಲ್ಲಿ ಆಯಿಲ್ ಬದಲಿಸುವುದು ಸುಮ್ನೆ ದುಡ್ಡು ದಂಡ.)

ಡಬ್ಲ್ಯೂ ಅಂದರೆ ವಿಂಟರ್. ಅದಕ್ಕೆ ಮೊದಲಿನ ಅಂಕಿ ಕಡಿಮೆಯಿದ್ದಷ್ಟೂ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತದೆ. ಆಮೇಲಿನ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಷ್ಟು ಗಟ್ಟಿ ಅಂತ ಹೇಳುತ್ತದೆ. ಆ ಗಾಡಿಗೆ ಕಂಪನಿ ಹೇಳಿದ್ದು 5ಡಬ್ಲ್ಯೂ-30. 5ಡಬ್ಲ್ಯೂ ಆಯಿಲ್ಲನ್ನು ಪರೀಕ್ಷೆ ಮಾಡುವುದು ಮೈನಸ್ 30 ಡಿಗ್ರಿಯಲ್ಲಿ. ನಂದಿ ಬೆಟ್ಟದ ತುದಿಯಲ್ಲೂ ಅಂಥ ಚಳಿ ಇಲ್ಲ, ಹಾಗಾದರೆ ನಮಗೇಕೆ ಅದು ಅಂತ ನನಗೂ ಅನ್ನಿಸಿತ್ತು. ಎರಡು ಸ್ಟೀಲ್ ಲೋಟದಲ್ಲಿ ಎರಡೂ ಆಯಿಲ್ ಹಾಕಿ ರಾತ್ರಿ ಹೊರಗಿಟ್ಟೆ. ಬೆಳಿಗ್ಗೆ ಬಗ್ಗಿಸಿದರೆ 5ಡಬ್ಲ್ಯೂ-30 ಕಡಲೆಕಾಯಿ ಎಣ್ಣೆಗಿಂತ ಸ್ವಲ್ಪ ಮಂದವಾಗಿ ಇಳಿಯಿತು. 20ಡಬ್ಲ್ಯೂ-50 ಜೋನಿಬೆಲ್ಲದ ಹಾಗೆ ಲೋಟದ ಅಂಚಿಗೆ ಬಂದು ಯೋಚನೆ ಮಾಡುತ್ತಾ ನಿಂತಿತು. ತಣ್ಣಗಿರುವಾಗ ಆ ತೆಳು 5ಡಬ್ಲ್ಯೂ-30 ಕೂಡ, ಬಿಸಿ ಇಂಜಿನ್ನಿನೊಳಗಿನ 20ಡಬ್ಲ್ಯೂ-50ಗಿಂತ ಎಷ್ಟೋ ಗಟ್ಟಿ. ಬೆಳಗಿನ ಸದ್ದಿಗೆ ಆಯಿಲ್ ತೆಳುವಾಗಿದೆ ಅಂತ ಕಾರಣ ಹೇಳುವುದೇ ತಪ್ಪು, ಅಲ್ವಾ?

ಇನ್ನೊಂದು ಎಡವಟ್ಟೂ ನನ್ನದೇ. ಆಯಿಲ್ ಬದಲಿಸಿದವನು ಹಳೇ ಫಿಲ್ಟರ್ ಬಿಟ್ಟಿದ್ದೆ. ಇಂಜಿನ್ ನಿಂತ ಮೇಲೆ ಆಯಿಲ್ ವಾಪಸ್ ಕೆಳಗಿನ ಚೇಂಬರಿಗೆ ಇಳಿಯದ ಹಾಗೆ ತಡೆಯಲು ಫಿಲ್ಟರಿನೊಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಕತ್ತರಿಸಿ ನೋಡಿದರೆ ಆ ರಬ್ಬರ್ ಚಿಪ್ಪಿನಂತೆ ಗಟ್ಟಿಯಾಗಿತ್ತು. ಮೊದಲಿದ್ದ ಎರಡು ಮೂರು ಸೆಕೆಂಡಿನ ಸದ್ದು ಅದರದ್ದೇ ಇರಬೇಕು.

ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಗಾಡಿಯ ಪುಸ್ತಕ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಇತ್ತು. ಅದರಲ್ಲಿ ಬರೆದಿದ್ದು 5ಡಬ್ಲ್ಯೂ-30. ಅದನ್ನೇ ಹಾಕಿ, ಹೊಸ ಫಿಲ್ಟರ್ ಕೂರಿಸಿದೆ. ಮರುದಿನ ನಾಲ್ಕು ಗಂಟೆಗೆ ಒಂದು ಸೆಕೆಂಡ್ ಟಕಟಕ ಅಂದು ಸುಮ್ಮನಾಯಿತು.

ವಾರವೂ ಓಡದ 20ಡಬ್ಲ್ಯೂ-50 ಇಳಿಸಿದ್ದಕ್ಕೆ ಅವರ ಹತ್ತಿರ ದುಡ್ಡು ಕೇಳಲಿಲ್ಲ. ಅವರು ಸಂಜೆ ಎರಡು ಮೊಳ ಸೇವಂತಿಗೆ ಕೊಟ್ಟು ಹೋದರು.