ಡ್ಯಾಶ್‌ಬೋರ್ಡಿನ ಕೂಗುಮಾರಿ

ಕೆಲವು ತಿಂಗಳ ಹಿಂದೆ ನಾನು ಓಡಿಸುವ ಟ್ರೇಲರ್ ಲಾರಿಯ ಬಜ್ಜರ್‌ಗೆ ಒಂದು ಚಾಳಿ ಹತ್ತಿಕೊಂಡಿತು. ಬ್ರೇಕ್‌ಗಳನ್ನು ನಡೆಸುವ ಗಾಳಿಯ ಒತ್ತಡ ತೋರಿಸುವ ಎರಡೂ ಮುಳ್ಳುಗಳು 110 ಪಿಎಸ್‌ಐ ಮೇಲೆ ಅಲುಗಾಡದೆ ನಿಂತಿರುತ್ತಿದ್ದವು, ಬ್ರೇಕ್ ಹಿಡಿಯುವುದರಲ್ಲಿ ಯಾವ ಕೊರತೆಯೂ ಇರುತ್ತಿರಲಿಲ್ಲ, ಆದರೂ ಗಾಳಿ ಕಡಿಮೆಯಾಗಿದೆ ಎಂಬ ಕೆಂಪು ದೀಪ ಹೊತ್ತಿಕೊಂಡು ಬಜ್ಜರ್ ಕಿರುಚಲು ಶುರುಮಾಡುತ್ತಿತ್ತು. ಒಮ್ಮೆ ಹತ್ತು ಸೆಕೆಂಡಿಗೆ ಸುಮ್ಮನಾದರೆ ಇನ್ನೊಮ್ಮೆ ಅರ್ಧ ಗಂಟೆ ಬಿಡದೆ ಕೂಗುತ್ತಿತ್ತು. ಮೊದಲ ಸಲ ಗಾಬರಿಯಿಂದ ಗಾಡಿಯನ್ನು ರಸ್ತೆಯ ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ, ಏರ್ ಟ್ಯಾಂಕಿನಿಂದ ಹಿಡಿದು ಟ್ರೇಲರ್‌ನ ಕೊನೆಯ ಆಕ್ಸಲ್‌ವರೆಗೆ ಕಿವಿಗೊಟ್ಟು ನಡೆದೆ. ಎಲ್ಲಿಯೂ ಗಾಳಿ ಸೋರುವ ಸದ್ದಿರಲಿಲ್ಲ. ಮೂರನೆಯ ದಿನದ ಹೊತ್ತಿಗೆ ಗಾಬರಿ ಹೋಗಿ ಸಿಟ್ಟು ಬಂದಿತ್ತು. ಐದನೆಯ ದಿನ ಮೀಟರ್ ಬೋರ್ಡಿನ ಕೆಳಗೆ ಕೈಹಾಕಿ, ಬಜ್ಜರ್‌ನ ತೂತಿನ ಮೇಲೆ ಮೂರು ಪದರ ಟೇಪ್ ಅಂಟಿಸಿಬಿಟ್ಟೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಟೇಪಿನಿಂದ ಹೆಚ್ಚೇನೂ ಆಗಲಿಲ್ಲ. ಇಂತಹ ಬಜ್ಜರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ವಿದ್ಯುತ್ ಹರಿದಾಗ ಕಂಪಿಸುವ ತೆಳ್ಳನೆಯ ಪಿಯೆಜೋ ಬಿಲ್ಲೆ. ಅದು ಹೊರಡಿಸುವ ಸದ್ದು ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಸ್ ಆಸುಪಾಸಿನದು, ಮತ್ತು ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದೂ ಹೆಚ್ಚುಕಡಿಮೆ ಅದೇ ವ್ಯಾಪ್ತಿಯಲ್ಲಿ. ಡೀಸೆಲ್ ಎಂಜಿನ್ನಿನ ಗುಡುಗು, ಟೈರಿನ ಸದ್ದು ಇವೆಲ್ಲ ಬಹುಪಾಲು ಕೆಳಗಿನ ಶ್ರುತಿಯವು. ಅವುಗಳ ಮಧ್ಯೆ ಕಳೆದುಹೋಗಬಾರದೆಂದೇ ಇದನ್ನು ಇಷ್ಟು ಚೂಪಾಗಿ ಮಾಡಿದ್ದಾರೆ. ಕಿರಿಕಿರಿ ಮಾಡುವುದೇ ಅದರ ಕೆಲಸವಾದ್ದರಿಂದ, ಆ ಬಗ್ಗೆ ದೂರುವುದರಲ್ಲಿ ಅರ್ಥವಿಲ್ಲ.

ನನ್ನ ದೂರು ಇರುವುದು ಬೇರೆ ಕಡೆ. ಸೀಟ್ ಬೆಲ್ಟ್ ಹಾಕಿಲ್ಲವೆಂದರೂ, ಪಾರ್ಕಿಂಗ್ ಬ್ರೇಕ್ ಹಾಕದೆ ಬಾಗಿಲು ತೆರೆದರೂ, ಕೂಲಂಟ್ ಇಳಿದರೂ, ಆಯಿಲ್ ಪ್ರೆಷರ್ ಬಿದ್ದರೂ, ಬ್ರೇಕಿನ ಗಾಳಿ ಖಾಲಿಯಾದರೂ ನನ್ನ ಗಾಡಿಯಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ ಕೂಗು. ಮನೆಯ ಮಗು ಹಸಿವಿಗೂ ಬಿದ್ದ ಪೆಟ್ಟಿಗೂ ಬೇರೆ ಬೇರೆಯಾಗಿ ಅಳುತ್ತದೆ, ಲಕ್ಷಗಟ್ಟಲೆ ಬಾಳುವ ಯಂತ್ರಕ್ಕೆ ಅಷ್ಟು ವಿವೇಕ ಇಲ್ಲ. ಆದ್ದರಿಂದ ಕಿವಿಗಿಂತ ಕಣ್ಣನ್ನೇ ನಂಬಬೇಕು. ಅಮೆರಿಕದಲ್ಲಿ ಏರ್ ಬ್ರೇಕ್‌ಗೆ ಸಂಬಂಧಿಸಿದ ಎಫ್‌ಎಂವಿಎಸ್‌ಎಸ್ 121 ಎಂಬ ನಿಯಮ ಟ್ಯಾಂಕಿನ ಒತ್ತಡ 60 ಪಿಎಸ್‌ಐಗಿಂತ ಕೆಳಗಿಳಿದಾಗ ಚಾಲಕನಿಗೆ ಎಚ್ಚರಿಕೆ ಸಿಗಬೇಕೆಂದು ಹೇಳುತ್ತದೆ. ಆ ಎಚ್ಚರಿಕೆ ಚಾಲಕನ ಕಣ್ಣೆದುರು ಕಾಣುವಂಥದ್ದಾಗಿರಬೇಕು, ಇಲ್ಲವೇ ಕಾಣುವ ಜೊತೆಗೆ ಕೇಳುವಂಥದ್ದೂ ಆಗಿರಬೇಕು. ಬರೀ ದೀಪವನ್ನು ಆ ನಿಯಮ ಒಪ್ಪುತ್ತದೆ, ಬರೀ ಸದ್ದನ್ನು ಒಪ್ಪುವುದಿಲ್ಲ. ಹಳೆಯ ಕೆಲವು ಗಾಡಿಗಳಲ್ಲಿ ಬಜ್ಜರ್ ಬದಲು, ಗಾಳಿ ಇಳಿದೊಡನೆ ಚಾಲಕನ ಮುಖದ ಮುಂದೆ ತಾನಾಗಿ ಬಿದ್ದು ತೂಗಾಡುವ ಒಂದು ಲೋಹದ ಪಟ್ಟಿ ಇರುತ್ತಿತ್ತು. ನನಗೇನೋ ಆ ಏರ್ಪಾಡು ಹೆಚ್ಚು ಸಭ್ಯವೆನಿಸುತ್ತದೆ.

ಟೇಪ್ ಅಂಟಿಸಿದ ಮರುವಾರ ಗಾಡಿಯನ್ನು ಒಬ್ಬ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವನು ಅರ್ಧ ನಿಮಿಷ ನೋಡಿ, ಕೈಯಲ್ಲಿದ್ದ ಕಟಿಂಗ್ ಪ್ಲೈಯರ್ ಆಡಿಸುತ್ತಾ, "ವೈರ್ ಕಟ್ ಮಾಡಿಬಿಡ್ಲಾ ಸಾರ್? ನೆಮ್ಮದಿಯಾಗಿರ್ತೀರಿ" ಎಂದ. ಟೇಪ್ ಅಂಟಿಸಿದ್ದ ನನಗೇ ಆ ಮಾತು ಕೇಳಿ ಭಯವಾಯಿತು. ಬೇಡವೆಂದು ಹೇಳಿ, ರಜೆಯ ದಿನ ನಾನೇ ಟಾರ್ಚ್ ಹಿಡಿದು ಕೂತೆ.

ಸ್ವಲ್ಪ ಹಳೆಯ ಗಾಡಿಗಳಲ್ಲಿ ಈ ವ್ಯವಸ್ಥೆ ಬಹಳ ಸರಳವಾಗಿದೆ. ಮುಂದಿನ ಮತ್ತು ಹಿಂದಿನ ಬ್ರೇಕಿನ ಗಾಳಿಗೆ ಒಂದೊಂದು ಪ್ರೆಷರ್ ಸ್ವಿಚ್ ಇರುತ್ತದೆ. ಒತ್ತಡ ಸಾಕಷ್ಟಿರುವಾಗ ಸ್ವಿಚ್ ತೆರೆದಿರುತ್ತದೆ, ಇಳಿದಾಗ ಮುಚ್ಚಿಕೊಂಡು ಬಜ್ಜರ್‌ನ ತಂತಿಯನ್ನು ಅರ್ತ್‌ಗೆ ಮುಟ್ಟಿಸುತ್ತದೆ, ಬಜ್ಜರ್ ಕೂಗುತ್ತದೆ. ಅಂದರೆ ಆ ತಂತಿ ದಾರಿಯಲ್ಲಿ ಎಲ್ಲೇ ಗಾಡಿಯ ಲೋಹದ ಮೈಗೆ ತಗುಲಿದರೂ ಬಜ್ಜರ್ ಪಾಲಿಗೆ ಗಾಳಿ ಹೋದಂತೆಯೇ ಲೆಕ್ಕ. ಎರಡೂ ಸ್ವಿಚ್‌ಗಳ ಕನೆಕ್ಟರ್ ಬಿಚ್ಚಿದಾಗ ಕೂಗು ನಿಂತರೆ ಕೆಟ್ಟಿರುವುದು ಸ್ವಿಚ್. ಬಿಚ್ಚಿದ ಮೇಲೂ ಕೂಗಿದರೆ ತಂತಿ. ನನ್ನದು ಬಿಚ್ಚಿದ ಮೇಲೂ ಕೂಗಿತು.

ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. ಕೆಳಗೆ ಬಗ್ಗಲು ಜಾಗ ಸಾಲದೆಂದು ಸ್ಟೀರಿಂಗನ್ನು ಮೇಲಕ್ಕೆ ಎತ್ತಿದೆ, ಸದ್ದು ಥಟ್ಟನೆ ನಿಂತಿತು. ಇಳಿಸಿದೆ, ಮತ್ತೆ ಕೂಗಿತು. ನಾಲ್ಕೈದು ಸಲ ಹೀಗೆ ಮಾಡಿ, ಸ್ಟೀರಿಂಗ್ ಕಂಬದ ಬುಡಕ್ಕೆ ಟಾರ್ಚ್ ಬಿಟ್ಟಾಗ ಕಂಡದ್ದು ಇಷ್ಟೇ: ತಂತಿಗಳ ಕಟ್ಟನ್ನು ಹಿಡಿದಿದ್ದ ಪ್ಲಾಸ್ಟಿಕ್ ಟ್ಯಾಗ್ ಮುರಿದು, ಕಟ್ಟು ಬೆರಳಿನಷ್ಟು ಜೋತುಬಿದ್ದು, ಕಬ್ಬಿಣದ ಬ್ರಾಕೆಟ್ಟಿನ ಅಂಚಿಗೆ ಉಜ್ಜುತ್ತಿತ್ತು. ಒಂದು ತಂತಿಯ ಸಿಪ್ಪೆ ಅಕ್ಕಿಕಾಳಿನಷ್ಟು ಉದ್ದಕ್ಕೆ ಸವೆದು ಒಳಗಿನ ತಾಮ್ರ ಹೊಸದರಂತೆ ಹೊಳೆಯುತ್ತಿತ್ತು, ಬ್ರಾಕೆಟ್ಟಿನ ಬಣ್ಣವೂ ಅಲ್ಲಿ ಮಾತ್ರ ಎದ್ದುಹೋಗಿತ್ತು. ಇನ್ಸುಲೇಷನ್ ಟೇಪ್, ಅದರ ಮೇಲೊಂದು ತೂತಿನ ಪ್ಲಾಸ್ಟಿಕ್ ಕೊಳವೆ, ಹೊಸ ಟ್ಯಾಗ್ ಹಾಕಿ ಕಟ್ಟನ್ನು ದೂರ ಸರಿಸಿದೆ. ಸವೆದ ಜಾಗ ಹುಡುಕಲು ತೆಗೆದುಕೊಂಡ ಮೂರು ಗಂಟೆಯ ಮುಂದೆ ರಿಪೇರಿಯ ಹತ್ತು ನಿಮಿಷ ಏನೂ ಅಲ್ಲ.

ಬಜ್ಜರ್ ಮೇಲಿನ ಟೇಪ್ ಕಿತ್ತ ಮೇಲೆ, ಬೇಕಾದಾಗ ಅದು ಕೂಗುತ್ತದೆಯೇ ಎಂದೂ ನೋಡಬೇಕಿತ್ತು. ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಅಡೆ ಕೊಟ್ಟು, ಎಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಬ್ರೇಕ್ ಪೆಡಲನ್ನು ಒತ್ತಿ ಒತ್ತಿ ಬಿಟ್ಟೆ. ಪ್ರತಿ ಒತ್ತಿಗೂ ಮುಳ್ಳು ಇಷ್ಟಿಷ್ಟೇ ಇಳಿಯಿತು. 65ರ ಹತ್ತಿರ ಕೂಗು ಬಂತು. ಅದೇ ಸದ್ದನ್ನು ಕೇಳಿ ಖುಷಿಪಟ್ಟದ್ದು ಅಂದೇ ಮೊದಲು. ಹಾಗೇ ಒತ್ತುತ್ತಾ ಹೋದರೆ 20ರಿಂದ 45 ಪಿಎಸ್‌ಐ ನಡುವೆ ಎಲ್ಲೋ ಒಂದು ಕಡೆ ಪಾರ್ಕಿಂಗ್ ಬ್ರೇಕಿನ ನಾಬ್ ತಾನಾಗಿ ಹೊರಗೆ ನೆಗೆಯುತ್ತದೆ, ಅಲ್ಲಿಯವರೆಗೆ ಗಾಳಿ ತಡೆದಿಟ್ಟಿದ್ದ ಸ್ಪ್ರಿಂಗ್‌ಗಳು ಚಕ್ರಗಳನ್ನು ಹಿಡಿಯುತ್ತವೆ. ತಂತಿ ಕಟ್ ಮಾಡಿಸಿಕೊಂಡ ಗಾಡಿಯ ಚಾಲಕ ದೀಪವನ್ನು ಗಮನಿಸದಿದ್ದರೆ ಅವನಿಗೆ ಸಿಗುವ ಮೊದಲ ಸುದ್ದಿ ಇದೇ, ಅದೂ ಓಡುವ ವೇಗದಲ್ಲಿ.

ಹೊಸ ಗಾಡಿಗಳಲ್ಲಿ ಎಲ್ಲವೂ ಜೆ 1939 ಎಂಬ ಡೇಟಾ ಜಾಲದ ಮೂಲಕ ಹೋಗುವುದರಿಂದ ಹುಡುಕುವ ಬಗೆ ಬೇರೆ. ಅಲ್ಲಿ ಪರದೆಯ ಮೇಲೆ ಎರಡು ಸಂಖ್ಯೆಗಳು ಸಿಗುತ್ತವೆ: ಎಸ್‌ಪಿಎನ್ ಯಾವ ಭಾಗ ಎಂದು ಹೇಳಿದರೆ, ಎಫ್‌ಎಂಐ ಅದಕ್ಕೆ ಏನಾಗಿದೆ ಎಂದು ಹೇಳುತ್ತದೆ. ಬಹಳ ಮಂದಿ ಮೊದಲನೆಯದನ್ನು ಮಾತ್ರ ಬರೆದುಕೊಳ್ಳುತ್ತಾರೆ. ನಾನು ಬದಲಿಗೆ ಓಡಿಸಿದ ಇನ್ನೊಂದು ಗಾಡಿಯಲ್ಲಿ ಕೂಲಂಟ್ ಮಟ್ಟದ ಎಸ್‌ಪಿಎನ್ 111 ಪದೇಪದೇ ಬರುತ್ತಿತ್ತು, ಅದರ ಹಿಂದಿನ ಚಾಲಕ ಪ್ರತಿ ಸಲವೂ ಒಂದಿಷ್ಟು ಕೂಲಂಟ್ ಸುರಿಯುತ್ತಿದ್ದನಂತೆ. ಎಫ್‌ಎಂಐ 1 ಆಗಿದ್ದರೆ ಸರಿ, ಕೂಲಂಟ್ ನಿಜವಾಗಿಯೂ ಇಳಿದಿದೆ ಎಂದರ್ಥ. ಅಲ್ಲಿ ಇದ್ದದ್ದು 5, ಅಂದರೆ ಸರ್ಕ್ಯೂಟ್ ಕಡಿದಿದೆ. 3, 4 ಮತ್ತು 5 ಕಂಡಾಗ ನಾನು ಮೊದಲು ಕನೆಕ್ಟರ್ ಬಿಚ್ಚಿ ನೋಡುತ್ತೇನೆ. ಅಲ್ಲಿ ಒಂದು ಪಿನ್ ಹಸಿರು ಕಿಲುಬು ಹಿಡಿದು ಕೂತಿತ್ತು.

ಲೇನ್ ದಾಟಿದಾಗ ಬರುವ ಗರಗರ ಸದ್ದಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಯುರೋಪಿನಲ್ಲಿ 2015ರ ನವೆಂಬರ್‌ನಿಂದ ಬಹುತೇಕ ಹೊಸ ಭಾರಿ ಲಾರಿಗಳಿಗೆ ಈ ಎಚ್ಚರಿಕೆಯ ಏರ್ಪಾಡು ಕಡ್ಡಾಯ. ಗಾಜಿನ ಹಿಂದಿನ ಕ್ಯಾಮೆರಾ ರಸ್ತೆಯ ಗೆರೆ ನೋಡುತ್ತದೆ; ಕೆಲಸ ನಡೆಯುತ್ತಿರುವ ರಸ್ತೆಯಲ್ಲಿ ಅರ್ಧ ಅಳಿಸಿದ ಹಳೆಯ ಗೆರೆ, ಸಂಜೆಯ ಬಿಸಿಲಿಗೆ ಮಿನುಗುವ ಡಾಂಬರಿನ ತೇಪೆ ಎರಡೂ ಅದಕ್ಕೆ ಗೆರೆಗಳೇ. ಅಂತಹ ಕಡೆ ಸ್ವಿಚ್ ಒತ್ತಿ ಸ್ವಲ್ಪ ಹೊತ್ತು ಸುಮ್ಮನಿರಿಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಇಂಡಿಕೇಟರ್ ಹಾಕಿ ದಾಟಿದರೆ ಅದು ಕೂಗುವುದೇ ಇಲ್ಲ, ಮತ್ತು ಖಾಲಿ ರಸ್ತೆಯಲ್ಲಿ ಅದು ನನ್ನ ಮೇಲೆ ಕೂಗಿದ್ದು ಬಹುಪಾಲು ನಾನು ಇಂಡಿಕೇಟರ್ ಮರೆತಾಗಲೇ ಎಂದು ಒಪ್ಪಿಕೊಳ್ಳಬೇಕು. ಸೀಟ್ ಬೆಲ್ಟ್ ಬೆನ್ನ ಹಿಂದೆ ಸಿಕ್ಕಿಸಿ ಕೂರುವವರ ಬಗ್ಗೆ ಹೇಳಲು ಏನೂ ಇಲ್ಲ. ಫ್ಯೂಸ್ ಕಿತ್ತರಾಯಿತು ಎನ್ನುವವರು ಮಾತ್ರ, ಹಲವು ಗಾಡಿಗಳಲ್ಲಿ ಅದೇ ಫ್ಯೂಸ್ ಮೇಲೆ ಗೇಜ್‌ಗಳೂ ದೀಪಗಳೂ ನಿಂತಿವೆ ಎಂಬುದನ್ನು ಒಮ್ಮೆ ನೋಡಿಕೊಳ್ಳಲಿ.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಗಾಳಿ ತುಂಬುವವರೆಗಿನ ಕೂಗು ಈಗಲೂ ಇದೆ, ಇರಲೇಬೇಕು. ಆ ಹೊತ್ತಿನಲ್ಲಿ ನಾನೀಗ ಕೈಗಡಿಯಾರ ನೋಡುತ್ತೇನೆ. ಒಂದು ನಿಮಿಷದೊಳಗೆ ನಿಲ್ಲುತ್ತಿದ್ದದ್ದು ಮೊನ್ನೆ ಮೂರು ನಿಮಿಷ ತೆಗೆದುಕೊಂಡಿತು. ಒತ್ತಡ 85ರಿಂದ 100 ಪಿಎಸ್‌ಐಗೆ ಏರಲು 45 ಸೆಕೆಂಡು ಮೀರಬಾರದೆಂಬುದು ಪರೀಕ್ಷೆಯ ಲೆಕ್ಕ; ಅದು ಸರಿಯಾಗಿಯೇ ಬಂದದ್ದರಿಂದ ಕಂಪ್ರೆಸರ್ ಮೇಲೆ ಅನುಮಾನ ಪಡಲಿಲ್ಲ. ರಾತ್ರಿಯಿಡೀ ಗಾಳಿ ಎಲ್ಲೋ ಹೋಗುತ್ತಿದೆ ಎಂದು ಸೋಪಿನ ನೀರು ಹಿಡಿದು ಕೆಳಗೆ ತೂರಿದೆ. ಟ್ಯಾಂಕಿನ ತಳದಲ್ಲಿ ನೀರು ಬಿಡುವ ವಾಲ್ವಿನ ಬಾಯಲ್ಲಿ ಸಾಸಿವೆಯಷ್ಟು ದೊಡ್ಡ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.