ಓಪನ್ ಡೇ, ಡ್ರೈ ಐಸ್, ಕೆಜಿಎಫ್ ತಾತ

ಫೆಬ್ರವರಿ 28, 2025, ಶುಕ್ರವಾರ ರಾತ್ರಿ

ಇವತ್ತು ವಿಜ್ಞಾನ ದಿನ, ನಮ್ಮಲ್ಲಿ ಓಪನ್ ಡೇ. ಬಂದವರಿಗೆಲ್ಲ ವಿವರಿಸಿ ವಿವರಿಸಿ ಗಂಟಲು ಪೂರ್ತಿ ಕೂತುಹೋಗಿದೆ. ಮನೆಯಲ್ಲಿ ಯಾರ ಹತ್ತಿರವೂ ಮಾತಾಡೋಕೆ ಆಗ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್, ಈ ಸಲವೂ ತಡ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು ನಿಂತಿತ್ತೋ, ಥರ್ಮೋಕೋಲ್ ಡಬ್ಬಿ ತೆಗೆದರೆ ಅರ್ಧಕ್ಕರ್ಧ ಗಾಳಿಗೆ ಹೋಗಿತ್ತು. ಉಳಿದಿದ್ದರಲ್ಲೇ ಸಂಜೆವರೆಗೆ ಕ್ಲೌಡ್ ಚೇಂಬರ್, ಅಂದರೆ ಕಣ್ಣಿಗೆ ಕಾಣದ ಕಣಗಳ ಜಾಡು ತೋರಿಸುವ ಪೆಟ್ಟಿಗೆ, ನಡೆಸಿದ್ದಾಯಿತು.

ನನಗೆ ಈ ಕ್ಲೌಡ್ ಚೇಂಬರ್ ಮೇಲೆ ಸ್ವಲ್ಪ ಪಕ್ಷಪಾತ. ಟೆಲಿಸ್ಕೋಪ್‌ಗೆ ಕ್ಯೂ ನಿಲ್ಲುವವರು ನಿಲ್ಲಲಿ. ಇಲ್ಲಿರುವುದು ಮೀನು ಸಾಕುವ ಗಾಜಿನ ತೊಟ್ಟಿ, ಕಪ್ಪು ಬಳಿದ ಲೋಹದ ತಟ್ಟೆ, ಅದರಡಿ ಮೈನಸ್ 78 ಡಿಗ್ರಿಯ ಡ್ರೈ ಐಸ್, ಮೇಲ್ಗಡೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಫೆಲ್ಟ್ ಪಟ್ಟಿ. ಅಷ್ಟೇ. ಪಕ್ಕದಿಂದ ಟಾರ್ಚ್ ಬಿಟ್ಟು ಸುಮ್ನೆ ಕಾಯಬೇಕು. ತಳದ ಮಂಜಿನಲ್ಲಿ ಒಂದು ಬಿಳಿ ಗೆರೆ ಮೂಡಿ, ನೋಡ್ತಾ ನೋಡ್ತಾ ಕರಗಿಹೋಗುತ್ತದೆ. ಗಿಡ್ಡ, ದಪ್ಪ ಗೆರೆ ಆಲ್ಫಾ ಕಣದ್ದು. ಅಂಕುಡೊಂಕು ಹೋದರೆ ಎಲೆಕ್ಟ್ರಾನ್. ತೆಳ್ಳಗೆ ನೆಟ್ಟಗೆ ಹೋದರೆ ಬಹುಶಃ ಮ್ಯೂಆನ್, ಎಲೆಕ್ಟ್ರಾನಿನ ಥರದ್ದೇ ಆದರೆ ಭಾರದ ಕಣ, ಆಕಾಶದಿಂದ ಬಂದಿದ್ದು. "ಅಂಗೈ ಚಾಚು ಪುಟ್ಟಾ, ನಿಮಿಷಕ್ಕೆ ಸುಮಾರು ನೂರು ಮ್ಯೂಆನ್ ಅದನ್ನು ತೂರಿಕೊಂಡು ಹೋಗ್ತವೆ" ಅಂದರೆ ಮಕ್ಕಳು ಚಾಚಿದ ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನನಗೆ ಸಂಬಳ ಬರೋದೇ ಇದಕ್ಕೆ.

ಮಧ್ಯಾಹ್ನ ಊಟದ ಹೊತ್ತಿಗೆ ಜನ ಕಮ್ಮಿಯಾದರು. ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ತಾತ ಹಿಂದಿನ ಪೋಸ್ಟರ್ ಮುಂದೆಯೇ ನಿಂತಿದ್ದರು. ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯ ಪೋಸ್ಟರ್. ಜಗಳ ಮಾಡಿ ಹಾಕಿಸಿದ್ದು ನಾನೇ. ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಮ್ಯೂಆನ್ ಎಣಿಸೋಕೆ ಅಲ್ಲಿಯ ಗಣಿಗೆ ಇಳಿದ ಕಥೆ ಇದೆ ಅದರಲ್ಲಿ. ಕೆಳಗೆ ಹೋದಷ್ಟೂ ಎಣಿಕೆ ಇಳಿಯುತ್ತಾ ಬಂತು. ಆಮೇಲಿನವರು ಇನ್ನೂ ಆಳಕ್ಕೆ ಉಪಕರಣ ಇಟ್ಟು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಸಿಗಲಿಲ್ಲ. ಇಷ್ಟು ಕಲ್ಲು ದಾಟಿ ಬರೋದು ಯಾವುದಕ್ಕೂ ಸುಲಭವಾಗಿ ತಾಗದ ನ್ಯೂಟ್ರಿನೋ ಅನ್ನೋ ಕಣ ಮಾತ್ರ ಅಂದಮೇಲೆ, ಅದನ್ನು ಹಿಡಿಯೋಕೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿದೆ? 1965ರಲ್ಲಿ ಮುಂಬೈನ ಟಿಐಎಫ್ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಹಿಡಿದರು.

"ಏನಮ್ಮಾ, ಇದು ಚಾಂಪಿಯನ್ ರೀಫ್ ತಾನೇ?" ಕನ್ನಡದಲ್ಲಿ ತಮಿಳಿನ ಎಳೆ.

"ಹೌದು ಸರ್, ಕೆಜಿಎಫ್‌ನ ಅದೇ ಗಣಿ. ನೋಡಿದ್ದೀರಾ?"

"ನೋಡೋದೇನು, ಅಲ್ಲೇ ಅಂಡರ್‌ಗ್ರೌಂಡ್‌ನಲ್ಲಿದ್ದೆ. ಬಾಂಬೆ ಸೈಂಟಿಸ್ಟ್‌ಗಳು ಬರ್ತಿದ್ರು. ಉದ್ದುದ್ದ ಚೌಕದ ಕಬ್ಬಿಣದ ಪೈಪು ಪೇರಿಸಿ ಇಟ್ಟಿದ್ರು."

ನನಗೆ ರೋಮಾಂಚನ. ಅದು 80ರ ದಶಕದ ಪ್ರೋಟಾನ್ ಪ್ರಯೋಗ! ಪ್ರೋಟಾನ್ ತಾನಾಗಿ ಒಡೆಯುತ್ತಾ ಅಂತ ನೋಡೋಕೆ ಇಟ್ಟಿದ್ದ ಗ್ಯಾಸ್ ತುಂಬಿದ ಕೌಂಟರ್‌ಗಳು. ನಾನು ಫೋಟೋದಲ್ಲಿ ಮಾತ್ರ ನೋಡಿದ್ದು. ವಿವರಿಸೋಕೆ ಶುರು ಮಾಡಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ತೊಟ್ಟಿ ಕಡೆ ಕೈ ತೋರಿಸಿ ಒಂದೇ ಪ್ರಶ್ನೆ ಕೇಳಿದರು.

"ಅಂದ್ರೆ ಇಲ್ಲಿ ಎಲ್ಲರ ಮೇಲೂ ಬೀಳೋ ಇವು, ಅಲ್ಲಿ ನಮ್ಮ ಮೇಲೆ ಬೀಳ್ತಿರಲಿಲ್ಲ?"

"ಹೆಚ್ಚು ಕಮ್ಮಿ ಇಲ್ಲವೇ ಇಲ್ಲ ಸರ್. ಭೂಮಿ ಮೇಲೆ ಅಂಥಾ ಜಾಗ ತುಂಬಾ ಕಮ್ಮಿ."

ನಕ್ಕರು. "ನಮ್ಮ ಮೇಲೆ ಬೀಳ್ತಿದ್ದಿದ್ದೇ ಬೇರೆ ಬಿಡಮ್ಮಾ."

ರಾಕ್ ಬರ್ಸ್ಟ್. ಆ ಆಳದ ಒತ್ತಡಕ್ಕೆ ಬಂಡೆ ಸಿಡಿಯುವುದು. ಮೊಮ್ಮಗಳು ಇದು ಗೊತ್ತಿರುವ ಕಥೆ ಅನ್ನೋ ಥರ ಬೇರೆ ಕಡೆ ನೋಡುತ್ತಿದ್ದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಪೋಸ್ಟರ್‌ನಲ್ಲಿ ಉಪಕರಣದ ತೂಕ ಇದೆ, ಆಳ ಇದೆ. ಅದನ್ನೆಲ್ಲ ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟ್‌ನಲ್ಲಿ, ಇಳಿಸಿದವರ ಬಗ್ಗೆ ಒಂದು ಸಾಲೂ ಇಲ್ಲ. ಸೀಸ, ಕಬ್ಬಿಣ ಎಲ್ಲ ತಾವಾಗಿಯೇ ಇಳಿದವಾ?

ಹೊರಡುವಾಗ ಅಂದರು, "ಇವತ್ತಿನ ದಿನವೇ ಗಣಿ ಮುಚ್ಚಿದ್ದು. 2001. ಫೆಬ್ರವರಿ 28."

ನಮಗೆ ಈ ತಾರೀಖು ಅಂದರೆ 1928ರ ರಾಮನ್ ಎಫೆಕ್ಟ್, ಬಲೂನು, ಕ್ವಿಜ್, ಟೀ ಶರ್ಟ್. ಅವರಿಗೆ ಕೊನೆಯ ಶಿಫ್ಟು. ಮೊಮ್ಮಗಳ ಸ್ಕೂಲಿನವರು ಇವತ್ತೇ ಕರೆದುಕೊಂಡು ಬಾ ಅಂದರಂತೆ, ಬಂದಿದ್ದಾರೆ, ಅಷ್ಟೇ.

ಐದು ಗಂಟೆಗೆ ಆಫೀಸಿನಿಂದ ಮೇಲ್. ಒಟ್ಟು ಎಷ್ಟು ಜನ ಬಂದರು, ಅದರಲ್ಲಿ ವಿದ್ಯಾರ್ಥಿಗಳೆಷ್ಟು, ನಾಳೆ ಹನ್ನೊಂದರೊಳಗೆ ತುಂಬಿ ಕಳಿಸಿ. ಮಾರ್ಚ್ ಬಂತಲ್ಲ, ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯೋದು ಈ ಲೆಕ್ಕದ ಮೇಲೆಯೇ. ಫಾರಂನಲ್ಲಿ 'ಷರಾ' ಅಂತ ಅರ್ಧ ಇಂಚಿನ ಖಾನೆ ಇದೆ. ತಾತನನ್ನು ಅಲ್ಲಿ ಹೇಗೆ ತುರುಕೋದು?

ಸೆಕ್ಯೂರಿಟಿ ಅಣ್ಣ ಉಳಿದ ಡ್ರೈ ಐಸನ್ನು ಬಕೆಟ್ ನೀರಿಗೆ ಹಾಕಿ ಹೊಗೆ ಎಬ್ಬಿಸಿ ವಿಡಿಯೋ ಮಾಡ್ತಿದ್ದ. ಬೈಯೋಕೂ ಗಂಟಲಿರಲಿಲ್ಲ. ಚೆನ್ನಾಗೇ ಬಂದಿದೆ ವಿಡಿಯೋ.

ತಾತ ಒಂದು ನಂಬರ್ ಕೊಟ್ಟು ಹೋಗಿದ್ದಾರೆ. ಅವರ ಸ್ನೇಹಿತರದ್ದು, ಆ ಲ್ಯಾಬ್‌ನಲ್ಲೇ ಕೈಯಾಳಾಗಿದ್ದವರಂತೆ, ಈಗಲೂ ಕೆಜಿಎಫ್‌ನ ಮಾರಿಕುಪ್ಪಂನಲ್ಲೇ ಇದ್ದಾರೆ. ಪೈಪು ಇಳಿಸಿದ್ದು ಹೇಗೆ ಅನ್ನೋದನ್ನು ಅವರನ್ನೇ ಕೇಳಬೇಕು. ಫೋನಲ್ಲಿ ಬೇಡ, ಹೋಗಿಯೇ ಕೇಳಬೇಕು. ಭಾನುವಾರ ಟ್ರೈನ್ ಹಿಡಿದರೆ ಆಯ್ತು, ಆದರೆ ಅವತ್ತೇ ಚಿಕ್ಕಮ್ಮನ ಮನೆ ಗೃಹಪ್ರವೇಶ, ಅಮ್ಮನಿಗೆ ಏನಂತ ಹೇಳೋದು, ಅದೂ ಅಲ್ಲದೆ ಈ ಗಂಟಲು