ಮಿಸ್ ಯಾವುದನ್ನು ಕೇಳುತ್ತಾರೋ

ಎದುರುಮನೆಯ ನಾಲ್ಕನೇ ತರಗತಿಯ ಹುಡುಗಿ ಈ ಸೋಮವಾರ ಶಾಲೆಯ ವ್ಯಾನ್ ಹತ್ತುವಾಗ ಮೆಟ್ಟಿಲ ಮೇಲೆಯೇ ಹಿಂದಕ್ಕೆ ವಾಲಿದಳು. ಪಕ್ಕದಲ್ಲಿದ್ದ ನಾನು ಚೀಲದ ಹಿಡಿ ಹಿಡಿದೆ, ಕೈ ಜಗ್ಗಿತು. ಸಂಜೆ, ವಿಮಾನಕ್ಕೆ ಸೂಟ್‌ಕೇಸ್ ತೂಗಲೆಂದು ಮಗ ತಂದಿಟ್ಟಿದ್ದ ಕೊಕ್ಕೆ ತಕ್ಕಡಿಗೆ ಅದನ್ನು ನೇತುಹಾಕಿದೆ. ಐದೂವರೆ ಕಿಲೋ! ಹುಡುಗಿಯ ತೂಕವೇ 24 ಕಿಲೋ.

"ಇವತ್ತು ಹಿಂದಿ ಇರಲಿಲ್ಲವಲ್ಲ, ಆ ಪುಸ್ತಕ ಯಾಕಮ್ಮಾ?"

"ಮಿಸ್ ಯಾವುದನ್ನು ಕೇಳುತ್ತಾರೋ ಗೊತ್ತಾಗುವುದಿಲ್ಲ ಆಂಟಿ. ತರದಿದ್ದರೆ ಹೊರಗೆ ನಿಲ್ಲಿಸುತ್ತಾರೆ."

ಅಡುಗೆ ಮಾಡುವಾಗ, ಮಲಗುವಾಗ, ಅದೇ ಮಾತು. ಮಿಸ್ ಯಾವುದನ್ನು ಕೇಳುತ್ತಾರೋ. ಅರ್ಧ ಚೀಲ ತುಂಬಿರುವುದು ಹೆದರಿಕೆಯಿಂದ.

ಮೂರರಿಂದ ಐದನೇ ತರಗತಿಯವರ ಚೀಲ 2ರಿಂದ 3 ಕಿಲೋ ಇರಬೇಕೆಂದು ರಾಜ್ಯ ಸರ್ಕಾರ 2019ರಲ್ಲೇ ಸುತ್ತೋಲೆ ಹೊರಡಿಸಿತ್ತು; 2023ರಲ್ಲಿ ಮತ್ತೆ ನೆನಪಿಸಿತು. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯ ತಮ್ಮ ಮೊದಲ ಭಾಷಣದಲ್ಲಿ ಮಾತನಾಡಿದ್ದು ಮಕ್ಕಳ ಈ ಹೊರೆಯ ಬಗ್ಗೆಯೇ. ಆಗ ಶಾಲೆಯಲ್ಲಿದ್ದವರ ಮಕ್ಕಳು ಈಗ ಚೀಲ ಹೊರುತ್ತಿದ್ದಾರೆ.

ತಾಯಿಯನ್ನು ದೂರಲು ನನಗೆ ಮನಸ್ಸಿಲ್ಲ. ನಸುಕಿನಲ್ಲೇ ಎದ್ದು ಎರಡು ಡಬ್ಬಿ ಕಟ್ಟಿ, ತಾನೂ ಕೆಲಸಕ್ಕೆ ಓಡುವವಳು. ವ್ಯಾನ್ ಚಾಲಕನಂತೂ ದೇವರಂಥವನು, ಪುಟ್ಟ ಮಕ್ಕಳ ಚೀಲವನ್ನು ತಾನೇ ಇಳಿಸಿಕೊಡುತ್ತಾನೆ. ನನ್ನ ಸಿಟ್ಟೆಲ್ಲ ವೇಳಾಪಟ್ಟಿ ಬರೆಸಿ, ಅದರಂತೆ ನಡೆಯದ ಶಾಲೆಯ ಮೇಲೆ.

ಅಂದು ಸಂಜೆ ಹುಡುಗಿಯೂ ನಾನೂ ಕೂತು ಚೀಲ ಖಾಲಿ ಮಾಡಿದೆವು. ಮುಗಿದುಹೋದ ನೋಟ್‌ಬುಕ್‌ಗಳು, ಮಡಚಿಹೋದ ಚಿತ್ರಕಲೆಯ ಪುಸ್ತಕ, ತಳದಲ್ಲಿ ಪೆನ್ಸಿಲ್ ಹೆರೆದ ಪುಡಿ. ದಪ್ಪ ಪುಸ್ತಕಗಳನ್ನು ಬೆನ್ನಿಗೆ ತಾಗುವ ಖಾನೆಗೆ ಹಾಕಿ, ಡಬ್ಬಿಯನ್ನು ಮುಂದಿನ ಖಾನೆಗೆ ಸರಿಸಿದೆವು. ಸೊಂಟದ ಕೆಳಗೆ ಜೋತಾಡುತ್ತಿದ್ದ ಚೀಲ, ಎರಡೂ ಪಟ್ಟಿಗಳನ್ನು ಎಳೆದು ಬಿಗಿ ಮಾಡಿದ ಮೇಲೆ ಬೆನ್ನಿಗೆ ಅಂಟಿ ಕೂತಿತು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಶಾಲೆಯಲ್ಲಿ ಒಳ್ಳೆಯ ಕುಡಿಯುವ ನೀರಿರುವಾಗ ಅರ್ಧ ಬಾಟಲಿ ಸಾಕು. ಹಿಂದಿ ಪುಸ್ತಕವನ್ನು ಮಾತ್ರ ತೆಗೆದಿಡಲು ಅವಳು ಒಪ್ಪಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಹೊರಗೆ ನಿಲ್ಲಬೇಕಾದವಳು ಅವಳಲ್ಲವೇ?

ಶನಿವಾರ ಪೋಷಕರ ಸಭೆ. ಅವಳ ತಾಯಿಯ ಜೊತೆ ನಾನೂ ಹೋಗುತ್ತಿದ್ದೇನೆ. ನಾಳೆ ಬೇಕಾಗುವ ಪುಸ್ತಕಗಳ ಹೆಸರನ್ನು ಹಿಂದಿನ ದಿನವೇ ಕಪ್ಪುಹಲಗೆಯ ಮೂಲೆಯಲ್ಲಿ ಬರೆಯಿರಿ, ಅಭ್ಯಾಸ ಪುಸ್ತಕಗಳಿಗೆ ತರಗತಿಯಲ್ಲೇ ಒಂದು ಕಪಾಟು ಕೊಡಿ ಎಂದು ಕೇಳುತ್ತೇವೆ. ಕಪಾಟಿಗೆ ಹಣವಿಲ್ಲವೆಂದರೆ ಪೋಷಕರೇ ಸೇರಿ ಕೊಡಿಸಲು ಸಿದ್ಧರಿದ್ದೇವೆ.